10,000 ಅಡಿಯಲ್ಲಿ 342 ನಾಟ್: 250ರ ಮಿತಿ ಮೀರಿದ ಹಾಗಾ?

ಉಪ್ಪಳ ಆಂಟೆನಾ:

ಗಲ್ಫಿನಿಂದ ಮಂಗಳೂರಿಗೆ ಬರುವ ಒಂದು ಬೋಯಿಂಗ್ 737-800ರ ಇಳಿಕೆ. ವಿಮಾನ ತಾನೇ ಪ್ರಸಾರ ಮಾಡುವ 1090 ಮೆಗಾಹರ್ಟ್ಸ್‌ನ ಸಂಕೇತದಿಂದ ಮನೆ ರಿಸೀವರಿನಲ್ಲಿ ಸಿಕ್ಕಿದ ಅಂಕಿಗಳು. ಮಂಜೇಶ್ವರದ ಪಶ್ಚಿಮಕ್ಕೆ ಸಮುದ್ರದ ಮೇಲೆ, ಮುಖ ಪೂರ್ವಕ್ಕೆ. ಜುಲೈ ತಿಂಗಳು, ಮೋಡ ದಟ್ಟ, ಕ್ಯೂಎನ್‌ಎಚ್ (ಸಮುದ್ರಮಟ್ಟಕ್ಕೆ ಲೆಕ್ಕ ಹಾಕಿದ ಗಾಳಿಯ ಒತ್ತಡ) 1006 ಹೆಕ್ಟೋಪಾಸ್ಕಲ್.

11,000 ಅಡಿ: 359 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ), ಇಳಿಕೆ ನಿಮಿಷಕ್ಕೆ 2,100 ಅಡಿ
10,400 ಅಡಿ: 353 ನಾಟ್, 1,900
10,000 ಅಡಿ: 342 ನಾಟ್, 900
9,800 ಅಡಿ: 327 ನಾಟ್, 700
9,600 ಅಡಿ: 316 ನಾಟ್, 700
9,000 ಅಡಿ: 314 ನಾಟ್, 1,500

10,000 ಅಡಿಯ ಕೆಳಗೆ 250 ನಾಟ್ ಮೀರಬಾರದು ಅಂತ ನಿಯಮ ಉಂಟಲ್ಲ. ಇಲ್ಲಿ 342 ಇರುವುದು ಗ್ರೌಂಡ್ ಸ್ಪೀಡ್ (ನೆಲಕ್ಕೆ ಹೋಲಿಸಿದ ವೇಗ), 250 ಇರುವುದು ಇಂಡಿಕೇಟೆಡ್ ಸ್ಪೀಡ್ (ಪೈಲಟಿನ ಮೀಟರ್ ತೋರಿಸುವ ವೇಗ), ಅಷ್ಟು ಗೊತ್ತುಂಟು. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? ಮಿತಿ ಮೀರಿದ್ದು ಹೌದಾದರೆ, ಆಟೋಪೈಲಟ್ ಇದ್ದೂ ಅದು ಎಂತಕ್ಕೆ ಆಗ್ತದೆ? ಇದನ್ನು ಯಾರಾದರೂ ಗಮನಿಸ್ತಾರಾ? ಗುಡ್ಡದ ತಲೆಯ ಮೇಲಿನ ನಮ್ಮ ರನ್‌ವೇಗೆ ಇದರಿಂದ ಏನಾದರೂ ತೊಂದರೆ ಉಂಟಾ?

ನೀರ್ಚಾಲು ಭಟ್ಟ:

ಮೊದಲು ಲೆಕ್ಕ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು. ಹಾಗಾಗಿ ಮೀಟರ್ 250 ತೋರಿಸುವಾಗ ವಿಮಾನ ನಿಜಕ್ಕೆ ಅದಕ್ಕಿಂತ ಜೋರಾಗಿ ಹೋಗ್ತಾ ಇರ್ತದೆ. ಬಾಯಿಲೆಕ್ಕಕ್ಕೆ ಪ್ರತಿ ಸಾವಿರ ಅಡಿಗೆ 2 ಶೇಕಡ ಸೇರಿಸಿದರೆ ಸಾಕು. 10,000 ಅಡಿಯಲ್ಲಿ 250ಕ್ಕೆ 300 ಬಂತು. ಸರಿಯಾಗಿ ಮಾಡುವುದಾದರೆ, ಪ್ರಮಾಣಿತ ವಾತಾವರಣದಲ್ಲಿ ಆ ಎತ್ತರದ ಉಷ್ಣಾಂಶ ಮೈನಸ್ 5 ಡಿಗ್ರಿಯ ಹತ್ತಿರ, ಅದಕ್ಕೆ ಟ್ರೂ ಏರ್‌ಸ್ಪೀಡ್ (ಗಾಳಿಯಲ್ಲಿ ನಿಜಕ್ಕೆ ಹೋಗುವ ವೇಗ) ಸುಮಾರು 289. ನಮ್ಮ ಕರಾವಳಿಯ ಮೇಲೆ ಅಲ್ಲಿ ಉಷ್ಣಾಂಶ 10 ಡಿಗ್ರಿ ಇದ್ದರೆ 297. ಗಂಟೆಗೆ 550 ಕಿಲೋಮೀಟರ್ ಆಯಿತು.

ಇನ್ನು ಗಾಳಿ. ಮಳೆಗಾಲದಲ್ಲಿ ಪಡುಗಾಳಿ, ವಿಮಾನ ಬರುವುದು ಪಡುವಿನಿಂದ, ಅಂದರೆ ಬೆನ್ನಗಾಳಿ. ಅದು ಎಷ್ಟು ಅಂತ ಹೊರಗೆ ಹುಡುಕಬೇಕಾಗಿಲ್ಲ, ನಿಮ್ಮ ಕೊನೆಯ ಸಾಲಿನಲ್ಲೇ ಉಂಟು. 9,600ರ ನಂತರ ವೇಗ ಹೆಚ್ಚುಕಡಿಮೆ ನಿಂತಿದೆ, ಇಳಿಕೆ ಪುನಃ 1,500ಕ್ಕೆ ಏರಿದೆ. ಅಲ್ಲಿ ಅವರು 250 ಹಿಡಿದಿದ್ದಾರೆ ಅಂತ ಇಟ್ಟುಕೊಳ್ಳಿ. 9,000 ಅಡಿಯಲ್ಲಿ 250ಕ್ಕೆ ಟ್ರೂ ಸ್ಪೀಡ್ 292, ಗ್ರೌಂಡ್ ಸ್ಪೀಡ್ 314, ಗಾಳಿ 22. ಇದನ್ನು 10,000ದ ಸಾಲಿಗೆ ಹಾಕಿ: 342ರಿಂದ 22 ಕಳೆದರೆ 320, ಅದನ್ನು 1.19ರಿಂದ (297 ಭಾಗಿಸು 250) ಭಾಗಿಸಿದರೆ 269. ಅಂದರೆ 10,000 ದಾಟುವಾಗ 270ರ ಆಸುಪಾಸು ಇತ್ತು.

737ರ ಎಫ್‌ಎಂಸಿ (ಹಾರಾಟ ನಡೆಸುವ ಕಂಪ್ಯೂಟರ್) ಇಳಿಕೆಯಲ್ಲಿ ತಾನಾಗಿ ಇಟ್ಟುಕೊಳ್ಳುವುದು 250 ಅಲ್ಲ, 240. ಅವರು ಹಿಡಿದದ್ದು 240 ಆಗಿದ್ದರೆ ಗಾಳಿ 34 ಅಂತಾಗ್ತದೆ, 10,000ದಲ್ಲಿ 259 ಬರ್ತದೆ. ಹೇಗೆ ಹಿಡಿದರೂ ಮೀರಿದ್ದು ಹೌದು. ಹತ್ತೋ ಇಪ್ಪತ್ತೋ ಅಂತ ಮಾತ್ರ ಈ ಅಂಕಿಗಳಿಂದ ಖಚಿತವಾಗಿ ಹೇಳಲಿಕ್ಕೆ ಬರುವುದಿಲ್ಲ.

ಇನ್ನೊಂದು, ರಿಸೀವರಿಗೆ ಬರುವ ಎತ್ತರ ಆ ದಿನದ ಒತ್ತಡಕ್ಕಲ್ಲ, ಪ್ರಮಾಣಿತ ಒತ್ತಡ 1013ಕ್ಕೆ ಇಟ್ಟದ್ದು. ಕ್ಯೂಎನ್‌ಎಚ್ 1006 ಇದ್ದರೆ ನಿಜದ ಎತ್ತರ ಸುಮಾರು 200 ಅಡಿ ಕಡಿಮೆ. ಅದನ್ನೂ ಸೇರಿಸಿದರೆ ಮಿತಿ ದಾಟಿದ್ದು ನಿಮ್ಮ ಪಟ್ಟಿಯ 10,200ರಲ್ಲಿಯೇ.

ಪೈವಳಿಕೆ:

ಭಟ್ರೇ, ವೇಗದ ಲೆಕ್ಕ ಚೆಂದ ಉಂಟು. ಕೊನೆಯ 200 ಅಡಿ ಮಾತ್ರ ಇಲ್ಲಿ ಬೇಡ. ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಅನೆಕ್ಸ್ 11ರ ಪಟ್ಟಿಯ ಕೆಳಗೆ ಒಂದು ಟಿಪ್ಪಣಿ ಉಂಟು: ಟ್ರಾನ್ಸಿಷನ್ ಆಲ್ಟಿಟ್ಯೂಡ್ (ಇದರ ಮೇಲೆ ಎಲ್ಲರೂ ಮೀಟರನ್ನು 1013ಕ್ಕೆ ಇಡುವ ಎತ್ತರ) 10,000 ಅಡಿಗಿಂತ ಕೆಳಗಿರುವಲ್ಲಿ 10,000 ಅಡಿಯ ಬದಲು ಫ್ಲೈಟ್ ಲೆವೆಲ್ 100 (1013ಕ್ಕೆ ಇಟ್ಟ ಮೀಟರಿನ 10,000 ಅಡಿ) ಹಿಡಿಯಬೇಕು. ಅಂಥಲ್ಲಿ ಇಳಿಯುವ ವಿಮಾನದ ಆಲ್ಟಿಮೀಟರ್ ಇನ್ನೂ 1013ರಲ್ಲೇ ಇರ್ತದೆ. ಪೈಲಟ್ ನೋಡುವ ಅಂಕಿ, ರಿಸೀವರಿಗೆ ಬರುವ ಅಂಕಿ ಎರಡೂ ಒಂದೇ. ಟ್ರಾನ್ಸಿಷನ್ ಆಲ್ಟಿಟ್ಯೂಡ್ 18,000 ಇರುವ ಅಮೆರಿಕದಲ್ಲಾದರೆ ನಿಮ್ಮ ತಿದ್ದುಪಡಿ ಬೇಕು.

ನಿಯಮ ಯಾರಿಗೆ ಅನ್ನುವುದೂ ಏರ್‌ಸ್ಪೇಸಿನ ದರ್ಜೆಯ ಮೇಲೆ ಹೋಗ್ತದೆ. ಎ ಮತ್ತು ಬಿ ದರ್ಜೆಯಲ್ಲಿ ಐಸಿಎಒ ಮಿತಿ ಇಲ್ಲ. ಸಿ ದರ್ಜೆಯಲ್ಲಿ ಕಣ್ಣಂದಾಜಿನಲ್ಲಿ ಹಾರುವವರಿಗೆ ಮಾತ್ರ. ಡಿಯಿಂದ ಜಿವರೆಗೆ ಎಲ್ಲರಿಗೂ 250. ಕಾರಣ ಸರಳ. ಈ ದರ್ಜೆಗಳಲ್ಲಿ ಕಣ್ಣಂದಾಜಿನಲ್ಲಿ ಹಾರುವ ಸಣ್ಣ ವಿಮಾನದಿಂದ ಅಂತರ ಕಾಯುವುದು ಕಂಟ್ರೋಲರನ ಜವಾಬ್ದಾರಿ ಅಲ್ಲ, ಕಿಟಕಿಯಿಂದ ನೋಡಿ ತಪ್ಪಿಸಿಕೊಳ್ಳಬೇಕು. ನೋಡಲಿಕ್ಕೆ ಸಮಯ ಸಿಗಬೇಕಾದರೆ ವೇಗ ಕಡಿಮೆ ಬೇಕು. ಅಮೆರಿಕದಲ್ಲಿ ಇಂಥ ಮಿತಿಗೆ ದಾರಿ ಮಾಡಿದ್ದು 1960 ಡಿಸೆಂಬರ್ 16ರಂದು ನ್ಯೂಯಾರ್ಕಿನ ಮೇಲೆ ಒಂದು ಡಿಸಿ-8 ಮತ್ತು ಒಂದು ಸೂಪರ್ ಕಾನ್ಸ್ಟಲೇಷನ್ ಡಿಕ್ಕಿಯಾದದ್ದು. ನೆಲದ ಮೇಲಿದ್ದ 6 ಮಂದಿ ಸೇರಿ 134 ಜನ ಸತ್ತರು. ಡಿಸಿ-8 ತಾನು ಸುತ್ತು ಹೊಡೆದು ಕಾಯಬೇಕಾದ ಜಾಗವನ್ನು ಜೋರಿನಲ್ಲಿ ದಾಟಿ ಹೋಗಿತ್ತು. ಇವತ್ತಿಗೂ ಅಲ್ಲಿ 10,000ದ ಕೆಳಗೆ 250 ಸಡಿಲಿಸುವ ಅಧಿಕಾರ ಕಂಟ್ರೋಲರಿಗೆ ಇಲ್ಲ. 250ಕ್ಕಿಂತ ನಿಧಾನ ಹೋದರೆ ಸುರಕ್ಷಿತವಲ್ಲದಷ್ಟು ಭಾರದ ವಿಮಾನಕ್ಕೆ ಮಾತ್ರ ವಿನಾಯಿತಿ.

ಹಕ್ಕಿಯ ವಿಷಯವೂ ಉಂಟು. ಬಡಿತದ ಶಕ್ತಿ ವೇಗದ ವರ್ಗದಂತೆ ಏರ್ತದೆ, 250ರ ಬದಲು 280 ಆದರೆ 25 ಶೇಕಡ ಹೆಚ್ಚು.

ಮುಳ್ಳೇರಿಯ:

ಆಟೋಪೈಲಟ್ ಇದ್ದೂ ಎಂತಕ್ಕೆ ಆಗ್ತದೆ ಅನ್ನುವುದಕ್ಕೆ ಉತ್ತರ.

ಎಫ್‌ಎಂಸಿಗೆ ಮಿತಿ ಗೊತ್ತುಂಟು. ವಿಎನ್‌ಎವಿಯಲ್ಲಿ (ಎತ್ತರವನ್ನೂ ವೇಗವನ್ನೂ ಎಫ್‌ಎಂಸಿಯೇ ನೋಡಿಕೊಳ್ಳುವ ವಿಧಾನ) ಇಳಿಸಿದರೆ 10,000 ಬರುವ ಮೊದಲೇ ಅದು ಮೂಗು ಎತ್ತಿ ವೇಗ ಇಳಿಸಿಕೊಳ್ತದೆ. ಆದರೆ ಮಂಗಳೂರಿನಂಥ ಕಡೆ ಕೊನೆಯ 40 ಮೈಲಿ ಅನೇಕ ಸಲ ವಿಎನ್‌ಎವಿಯಲ್ಲಿ ಇರುವುದಿಲ್ಲ. ಕಂಟ್ರೋಲರ್ ದಾರಿ ಬದಲಿಸ್ತಾರೆ, ಹೆಡಿಂಗ್ ಕೊಡ್ತಾರೆ, ಮೋಡ ತಪ್ಪಿಸಬೇಕಾಗ್ತದೆ. ಆಗ ಪೈಲಟ್ ಲೆವೆಲ್ ಚೇಂಜ್ (ಪೈಲಟ್ ಇಟ್ಟ ವೇಗದಲ್ಲಿ ಇಳಿಯುವ ವಿಧಾನ) ಒತ್ತುತ್ತಾರೆ. ಒತ್ತಿದ ಕೂಡಲೇ ವೇಗದ ಕಿಟಕಿ ತೆರೆದುಕೊಳ್ತದೆ, ಅದರಲ್ಲಿ ಆಗ ಇದ್ದ ವೇಗ, ಸಾಮಾನ್ಯವಾಗಿ 280, ಕೂತಿರ್ತದೆ. ಅಲ್ಲಿಂದ ಮುಂದೆ ಆಟೋಪೈಲಟ್ ಕಾಯುವುದು ಆ ಕಿಟಕಿಯ ಅಂಕಿಯನ್ನು. 10,000 ಬಂತು ಅಂತ ಅದು ಲೆಕ್ಕಿಸುವುದಿಲ್ಲ, ಗುಂಡಿ ತಿರುಗಿಸಿ 250 ಮಾಡಬೇಕಾದ್ದು ಮನುಷ್ಯ. ಎ320ರಲ್ಲಿಯೂ ಇದೇ ಕಥೆ: ವೇಗದ ಗುಂಡಿ ಒತ್ತಿದ್ದರೆ ಮ್ಯಾನೇಜ್ಡ್, ಕಂಪ್ಯೂಟರ್ ಮಿತಿ ಕಾಯ್ತದೆ. ಎಳೆದಿದ್ದರೆ ಸೆಲೆಕ್ಟೆಡ್, ಕಾಯುವುದಿಲ್ಲ.

ಎರಡನೆಯ ಕಾರಣ ತಡವಾಗಿ ತಿರುಗಿಸುವುದು. ನಿಯಮ 10,000ದಲ್ಲಿ 250 ಇರಬೇಕು ಅಂತ, 10,000ದಲ್ಲಿ ನಿಧಾನ ಮಾಡಲು ಶುರು ಮಾಡಬೇಕು ಅಂತ ಅಲ್ಲ. 737 ಸಮತಟ್ಟಾಗಿ, ಎಂಜಿನ್ ಐಡಲಿನಲ್ಲಿ (ಅತಿ ಕಡಿಮೆ ಶಕ್ತಿಯಲ್ಲಿ) ಹಾರುವಾಗಲೂ 280ರಿಂದ 250ಕ್ಕೆ ಬರಲು ಸುಮಾರು 25 ಸೆಕೆಂಡು, 2 ನಾಟಿಕಲ್ ಮೈಲಿ ಬೇಕು. ಇಳಿಯುತ್ತಲೇ ಮಾಡುವುದಾದರೆ ಇನ್ನೂ ಹೆಚ್ಚು. ಹಾಗಾಗಿ 11,000ದಲ್ಲೇ ಗುಂಡಿಗೆ ಕೈ ಹೋಗಬೇಕು. ಉಪ್ಪಳದವರ ಪಟ್ಟಿ ನೋಡಿ: 10,400ರಲ್ಲಿ ಇಳಿಕೆ ಇನ್ನೂ 1,900, 10,000ದಲ್ಲಿ 900. ಗುಂಡಿ ತಿರುಗಿದ್ದು ಇವೆರಡರ ನಡುವೆ. 600ರಿಂದ 1,000 ಅಡಿ ತಡ, ಅಷ್ಟೇ. ಹೊರಗಿನಿಂದ ನೋಡುವವರಿಗೆ ವೇಗದ ಸಾಲಿಗಿಂತ ಇಳಿಕೆಯ ಸಾಲೇ ಹೆಚ್ಚು ಹೇಳ್ತದೆ. ಅದು ತಟ್ಟನೆ ಕುಸಿದಲ್ಲಿ ಮೂಗು ಎತ್ತಿದ್ದಾರೆ ಅಂತ ತಿಳಿಯಬೇಕು.

ತಡ ಆಗುವುದು ಯಾಕೆ ಅಂದರೆ ಎಲ್ಲ ಕೆಲಸವೂ ಅದೇ 10,000ಕ್ಕೆ ಬಂದು ಬೀಳ್ತದೆ. ಲ್ಯಾಂಡಿಂಗ್ ಲೈಟ್ ಹಾಕಬೇಕು, ಕ್ಯಾಬಿನ್‌ಗೆ ಸೂಚನೆ ಕೊಡಬೇಕು, ಅದೇ ಹೊತ್ತಿಗೆ ರೇಡಿಯೋದಲ್ಲಿ ಫ್ರೀಕ್ವೆನ್ಸಿ ಬದಲಿಸಲು ಹೇಳ್ತಾರೆ. ಹಾರಿಸದೆ ಇರುವ ಪೈಲಟ್ ‘ಟೆನ್ ಥೌಸೆಂಡ್’ ಅಂತ ಕೂಗಬೇಕಾದ ಸೆಕೆಂಡಿನಲ್ಲಿ ರೇಡಿಯೋದಲ್ಲಿ ಮಾತಾಡ್ತಾ ಇದ್ದರೆ ಆ ಕೂಗು ಹೋಯಿತು. ಇದಕ್ಕೆ ಒಳ್ಳೆಯ ಅಭ್ಯಾಸ, 12,000ದ ಹತ್ತಿರವೇ ‘ಎರಡು ಸಾವಿರ ಉಂಟು’ ಅಂತ ಒಮ್ಮೆ ಹೇಳಿಬಿಡುವುದು.

ಮೂರನೆಯದು ಎತ್ತರದಲ್ಲಿ ಉಳಿದುಹೋಗುವುದು. ಇಳಿಕೆಯ ಮಾಮೂಲು ಸೂತ್ರ ಸಾವಿರ ಅಡಿಗೆ 3 ಮೈಲಿ, ಬೆನ್ನಗಾಳಿ ಪ್ರತಿ 10 ನಾಟಿಗೆ 2 ಮೈಲಿ ಹೆಚ್ಚು. ಮೋಡದೊಳಗೆ ಉಷ್ಣಾಂಶ 10 ಡಿಗ್ರಿಗೆ ಇಳಿದರೆ ಎಂಜಿನ್ ಆಂಟಿ-ಐಸ್ (ಮಂಜುಗಡ್ಡೆ ಕಟ್ಟದಂತೆ ಬಿಸಿ ಮಾಡುವುದು) ಹಾಕಲೇಬೇಕು. ಹಾಕಿದರೆ ಐಡಲ್ ಏರ್ತದೆ, ವಿಮಾನ ಇಳಿಯಲಿಕ್ಕೆ ಇನ್ನೂ ಹಠ ಮಾಡ್ತದೆ. ಜುಲೈಯ ಪಡುಗಾಳಿಯಲ್ಲಿ ಗಲ್ಫಿನಿಂದ ಬರುವವರಿಗೆ ಇವೆರಡೂ ಒಟ್ಟಿಗೆ ಸಿಗ್ತವೆ. ಎಫ್‌ಎಂಸಿಗೆ ಇಳಿಕೆಯ ಗಾಳಿಯನ್ನೂ ಆಂಟಿ-ಐಸಿನ ಎತ್ತರವನ್ನೂ ಮೊದಲೇ ತುಂಬಿಸಿಟ್ಟರೆ ಅದು ಮುಂಚೆ ಇಳಿಸಲು ಶುರು ಮಾಡ್ತದೆ. ತುಂಬಿಸದಿದ್ದರೆ ಹತ್ತು ಮೈಲಿಯ ನಂತರ ‘ಡ್ರ್ಯಾಗ್ ರಿಕ್ವೈರ್ಡ್’ (ಗಾಳಿಯ ತಡೆ ಹೆಚ್ಚು ಬೇಕು) ಅಂತ ಬರೆದು ತೋರಿಸ್ತದೆ.

ಉಪ್ಪಳ ಆಂಟೆನಾ:

ಸ್ಪೀಡ್‌ಬ್ರೇಕ್ (ರೆಕ್ಕೆಯ ಮೇಲೆ ಎದ್ದು ಗಾಳಿ ತಡೆಯುವ ಹಲಗೆ) ಎಳೆದರೆ ಆಯಿತಲ್ಲ? ಮತ್ತೆ, ಈ 20 ನಾಟ್ ನೆಲದಲ್ಲಿ ಕೂತ ಕಂಟ್ರೋಲರಿಗೆ ಕಾಣ್ತದಾ?

ಮುಳ್ಳೇರಿಯ:

ಎಳೆಯಬಹುದು, ನಿಧಾನವಾಗಲು ಬೇಕಾಗುವ ಸಮಯವೂ ದೂರವೂ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸದ್ದು, ನಡುಕ ಇರ್ತದೆ, ಜನ ಹೆದರುತ್ತಾರೆ ಅಂತ ಕೆಲವರು ಎಳೆಯುವುದಿಲ್ಲ. ನನ್ನ ಮಟ್ಟಿಗೆ ಅದು ಸರಿಯಾದ ಲೆಕ್ಕ ಅಲ್ಲ. ಎಳೆದರೆ ಲಿವರ್ ಮೇಲೆಯೇ ಕೈ ಇಟ್ಟಿರಬೇಕು, ಮರೆತರೆ ಕೆಳಗೆ ಹೋದಾಗ ಕಷ್ಟ. ಅದಕ್ಕಿಂತ ಕೆಟ್ಟದ್ದು ವೇಗ ಇಳಿಸಲು ಫ್ಲ್ಯಾಪಿಗೆ (ಇಳಿಯುವಾಗ ರೆಕ್ಕೆಯಿಂದ ಹೊರಚಾಚುವ ಭಾಗ) ಕೈ ಹಾಕುವುದು. 737-800ರಲ್ಲಿ ಫ್ಲ್ಯಾಪ್ 1ರ ಮಿತಿಯೇ 250, ಎ320ರಲ್ಲಿ 230. 260ರಲ್ಲಿ ಎಳೆದರೆ 250ರ ಮಿತಿ ಮೀರಿದ್ದು ಹೋಗಿ ಫ್ಲ್ಯಾಪ್ ಓವರ್‌ಸ್ಪೀಡ್ ಆಯಿತು. ಅದಕ್ಕೆ ಟೆಕ್ ಲಾಗಿನಲ್ಲಿ ಬರೆಯಬೇಕು, ಎಂಜಿನಿಯರ್ ಬಂದು ಪರೀಕ್ಷೆ ಮಾಡಬೇಕು, ಮುಂದಿನ ಟ್ರಿಪ್ ತಡ. ಬರೀ 270 ಆದ್ದರಿಂದ ವಿಮಾನಕ್ಕೆ ಎಂತದೂ ಆಗುವುದಿಲ್ಲ, 737-800ರ ಗರಿಷ್ಠ ಮಿತಿ 340.

ಕೋಟೆಕಣಿ:

ಕಂಟ್ರೋಲರ್ ಬಗ್ಗೆ. ಮಾಮೂಲು ಸೆಕೆಂಡರಿ ರೇಡಾರಿನಲ್ಲಿ ಕಾಣುವುದೂ ಗ್ರೌಂಡ್ ಸ್ಪೀಡೇ, ನಿಮ್ಮ ಮನೆಯಲ್ಲಿ ಕಂಡ ಹಾಗೆ. 342 ನೋಡಿ ಯಾರೂ ಬೆಚ್ಚುವುದಿಲ್ಲ. ಮೋಡ್-ಎಸ್‌ನ ಹೆಚ್ಚಿನ ಸೌಲಭ್ಯ ಇರುವ ರೇಡಾರ್ ಆದರೆ ವಿಮಾನವನ್ನೇ ‘ನಿನ್ನ ಇಂಡಿಕೇಟೆಡ್ ಎಷ್ಟು’ ಅಂತ ಕೇಳಿ ಉತ್ತರ ತರಿಸಿಕೊಳ್ತದೆ. ಮನೆ ರಿಸೀವರ್ ಕೇಳುವ ಶಕ್ತಿ ಇಲ್ಲದ್ದು, ಬರೀ ಕಿವಿ. ಆಸುಪಾಸಿನ ಯಾವುದಾದರೂ ರೇಡಾರ್ ಕೇಳಿದರೆ ಆ ಉತ್ತರ ನಿಮಗೂ ಬೀಳ್ತದೆ. ನಿಮ್ಮ ಸಾಫ್ಟ್‌ವೇರಿನಲ್ಲಿ ಐಎಎಸ್ (ಇಂಡಿಕೇಟೆಡ್ ಸ್ಪೀಡ್) ಅಂತ ಕಾಲಮ್ ಉಂಟಾ ನೋಡಿ. ತುಂಬಿದ್ದರೆ ಭಟ್ರ ಲೆಕ್ಕವೇ ಬೇಡ.

ಕಂಟ್ರೋಲರಿಗೆ ತೊಂದರೆ ಆಗುವುದು ಮುಂದಿನ ವಿಮಾನದ ಅಂತರ ಕಡಿಮೆಯಾದರೆ. ಆಗ ವೇಗವನ್ನು 10ರ ಗುಣಕದಲ್ಲಿ ಕೊಡ್ತಾರೆ, ‘ರೆಡ್ಯೂಸ್ ಸ್ಪೀಡ್ ಟು ಟೂ ಫೈವ್ ಝೀರೋ ನಾಟ್ಸ್’. ಕೆಲವೊಮ್ಮೆ ತಪ್ಪು ನಮ್ಮ, ಕಂಟ್ರೋಲರುಗಳ, ಕಡೆಯದ್ದೂ ಇರ್ತದೆ. ಬೇಗ ಇಳಿಯಿರಿ, ನಿಧಾನವೂ ಆಗಿ ಅಂತ ಒಂದೇ ಉಸಿರಿನಲ್ಲಿ ಹೇಳಬಾರದು ಅಂತ ಐಸಿಎಒ ಡಾಕ್ಯುಮೆಂಟ್ 4444 ಸ್ಪಷ್ಟವಾಗಿ ಹೇಳ್ತದೆ, ಜೆಟ್‌ಗೆ ಎರಡೂ ಒಟ್ಟಿಗೆ ಆಗುವುದಿಲ್ಲ. ಅಂಥದ್ದು ಬಂದರೆ ಪೈಲಟ್ ‘ಯಾವುದು ಮೊದಲು’ ಅಂತ ಕೇಳಬೇಕು, ಇಲ್ಲವೇ ‘ಅನೇಬಲ್’ (ಆಗುವುದಿಲ್ಲ) ಅನ್ನಬೇಕು.

ಸೀತಾಂಗೋಳಿ:

ಗಮನಿಸುವುದು ಕಂಪನಿ. 27,000 ಕಿಲೋಗಿಂತ ಭಾರದ ವಿಮಾನ ಓಡಿಸುವವರು ಹಾರಾಟದ ದಾಖಲೆಗಳನ್ನು ವಿಶ್ಲೇಷಿಸುವ ವ್ಯವಸ್ಥೆ ಇಟ್ಟುಕೊಳ್ಳಲೇಬೇಕು ಅಂತ ಐಸಿಎಒ ಅನೆಕ್ಸ್ 6 ಹೇಳ್ತದೆ. ಕ್ವಿಕ್ ಆಕ್ಸೆಸ್ ರೆಕಾರ್ಡರಿನ ಡೇಟಾ ಇಳಿಸಿದಾಗ ‘10,000ದ ಕೆಳಗೆ 250 ಮೀರಿದೆ’ ಅಂತ ತಾನಾಗಿ ಎದ್ದು ಬರ್ತದೆ. ಎಷ್ಟು ನಾಟ್, ಎಷ್ಟು ಸೆಕೆಂಡಿಗೆ ಎದ್ದು ಬರಬೇಕು ಅಂತ ಪ್ರತಿ ಕಂಪನಿ ತಾನೇ ಇಟ್ಟುಕೊಳ್ಳುವುದು. ಇಲ್ಲಿ 10,000ದಿಂದ 9,600ಕ್ಕೆ ಬರಲು ಹಿಡಿದದ್ದು ಅರ್ಧ ನಿಮಿಷ ಚಿಲ್ಲರೆ, ಅಷ್ಟರೊಳಗೆ 250ಕ್ಕೆ ಬಂದಾಗಿದೆ. ಸಾಮಾನ್ಯವಾಗಿ ಇದು ಅತ್ಯಂತ ಕೆಳಗಿನ ದರ್ಜೆಯಲ್ಲಿ ಕೂತುಕೊಳ್ತದೆ. ಒಬ್ಬರನ್ನು ಹಿಡಿದು ಕೇಳುವುದಕ್ಕಿಂತ, ಒಂದೇ ನಿಲ್ದಾಣದಲ್ಲಿ ಒಂದೇ ದಿಕ್ಕಿನಿಂದ ಬರುವವರಿಗೆ ಪದೇ ಪದೇ ಆಗ್ತದಾ ಅಂತ ನೋಡುವುದು ಇದರ ಉಪಯೋಗ. ಆಗ್ತಿದ್ದರೆ ತಪ್ಪು ಇಳಿಕೆ ಶುರು ಮಾಡಿಸುವ ಜಾಗದ್ದು.

ಸಿಬ್ಬಂದಿ ತಾವೇ ವರದಿ ಬರೆದು ಹಾಕುವುದು ಬುದ್ಧಿವಂತಿಕೆ. ಡೇಟಾದಲ್ಲಿ ಅಂಕಿ ಮಾತ್ರ ಕಾಣ್ತದೆ, ರೇಡಿಯೋದಲ್ಲಿ ಯಾರು ಎಂತ ಹೇಳ್ತಾ ಇದ್ದರು ಅಂತ ಕಾಣುವುದಿಲ್ಲ. ಅಮೆರಿಕದಲ್ಲಿ ಇಂಥ ವರದಿಗಳನ್ನು ನಾಸಾ 1976ರಿಂದ ಸಂಗ್ರಹಿಸ್ತಾ ಇದೆ. ಬೇಕೆಂದೇ ಮಾಡಿದ್ದಲ್ಲದಿದ್ದರೆ, 10 ದಿನದೊಳಗೆ ಬರೆದವರಿಗೆ ದಂಡದಿಂದ ರಿಯಾಯಿತಿ ಉಂಟು.

ಬದಿಯಡ್ಕ ಲೆಕ್ಕ:

ಇಷ್ಟಕ್ಕೆ ಇಷ್ಟು ಚರ್ಚೆಯಾ ಮಾರಾಯ್ರೆ? 10,000ದ ಕೆಳಗೆ 15 ಮೈಲಿ 280ರಲ್ಲಿ ಹೋದರೂ ಉಳಿಯುವುದು 20 ಸೆಕೆಂಡು. ಯಾರೂ ಬೇಕೆಂದು ಮಾಡುವುದಲ್ಲ, ಯಾರಿಗೂ ತೊಂದರೆಯೂ ಇಲ್ಲ.

ಮುಳ್ಳೇರಿಯ:

20 ಸೆಕೆಂಡು ಸರಿ. ಆದರೆ ಅದನ್ನು ಸಮಯದಲ್ಲಿ ಅಳೆಯುವುದಲ್ಲ. ಎತ್ತರವೂ ವೇಗವೂ ಒಂದೇ ಕಿಸೆಯ ದುಡ್ಡು, ಇಳಿಯುವಷ್ಟರಲ್ಲಿ ಎರಡನ್ನೂ ಖರ್ಚು ಮಾಡಿ ಮುಗಿಸಬೇಕು. 10,000ದಲ್ಲಿ 250ರ ಬದಲು 280 ಇದ್ದರೆ ಹೆಚ್ಚಿನ ಶಕ್ತಿ ಸುಮಾರು 900 ಅಡಿ ಎತ್ತರಕ್ಕೆ ಸಮ. ಅಂದರೆ ಕಾಗದದ ಮೇಲೆ ಸರಿಯಾದ ಎತ್ತರದಲ್ಲಿ ಕಂಡರೂ ನೀವು ನಿಜಕ್ಕೆ 3 ಮೈಲಿ ಹಿಂದೆ ಬಿದ್ದಿದ್ದೀರಿ. ಮಳೆಗಾಲದಲ್ಲಿ ಪಡುಗಾಳಿಗೆ ರನ್‌ವೇ 24, ಸಮುದ್ರದಿಂದ ಬಂದವರು ಊರು ದಾಟಿ ಪೂರ್ವಕ್ಕೆ ಹೋಗಿ ತಿರುಗಿ ಬರಬೇಕು. ಆ ಸುತ್ತಿನಲ್ಲಿ 3 ಮೈಲಿ ಸುಲಭವಾಗಿ ಕರಗ್ತದೆ. ಅದೇ ರನ್‌ವೇಯ ಸಮುದ್ರದ ಕಡೆಯ ತುದಿಗೆ, ನೇರ ಇಳಿಯುವ 06ಕ್ಕೆ ಬರುವಾಗ ಅಷ್ಟು ಜಾಗ ಇಲ್ಲ.

ಕರಗಿಸದೆ ಕೆಳಗಿನವರೆಗೆ ಹೊತ್ತುಕೊಂಡು ಬಂದರೆ ಎಂತಾಗ್ತದೆ ಅನ್ನುವುದು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. 2010 ಮೇ 22ರಂದು ಮಂಗಳೂರಿನಲ್ಲಿ ಆದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಅಪಘಾತದ ನ್ಯಾಯಾಲಯ ವಿಚಾರಣೆಯ ವರದಿಯಲ್ಲಿ ಎಲ್ಲ ಅಂಕಿ ಉಂಟು. ಮಂಗಳೂರಿನ ರೇಡಾರ್ ಎರಡು ದಿನದಿಂದ ಕೆಟ್ಟಿತ್ತು, ಇಳಿಯಲು ಅನುಮತಿ ಸಿಕ್ಕಿದ್ದು ತಡವಾಗಿ. 8,500 ಅಡಿಯಲ್ಲಿಯೇ ಸ್ಪೀಡ್‌ಬ್ರೇಕ್ ಜೊತೆಗೆ ಚಕ್ರವನ್ನೂ ಇಳಿಸಿದ್ದರು, ಆದರೂ ಎತ್ತರ ಕರಗಲಿಲ್ಲ. ರನ್‌ವೇಯ ಅಂಚನ್ನು 50 ಅಡಿಯಲ್ಲಿ 144 ನಾಟಿನಲ್ಲಿ ದಾಟಬೇಕಾದಲ್ಲಿ 200 ಅಡಿಯಲ್ಲಿ 160ಕ್ಕಿಂತ ಹೆಚ್ಚಿನಲ್ಲಿ ದಾಟಿದರು. ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ, ರನ್‌ವೇ ಇರುವುದೇ 2,450 ಮೀಟರ್, ಅಂದರೆ 8,000 ಅಡಿ ಚಿಲ್ಲರೆ. 158 ಮಂದಿ ಹೋದರು. ಫಸ್ಟ್ ಆಫೀಸರ್ ಗೋ-ಅರೌಂಡ್ (ಇಳಿಯದೆ ಮರಳಿ ಏರುವುದು) ಅಂತ ಮೂರು ಸಲ ಹೇಳಿದ್ದರು. ಅಪಘಾತಕ್ಕೆ ಕಾರಣ ಅಂತ ವರದಿ ಬರೆದದ್ದು ಸ್ಥಿರವಲ್ಲದ ಇಳಿಕೆಯನ್ನು ಕ್ಯಾಪ್ಟನ್ ಕೈಬಿಡದೆ ಇದ್ದದ್ದನ್ನು.

10,000ದಲ್ಲಿ 270 ಇದ್ದದ್ದಕ್ಕೂ ಇದಕ್ಕೂ ನೇರ ಸಂಬಂಧ ಕಟ್ಟಬೇಡಿ. ನಡುವೆ, ನಿಲ್ದಾಣದಿಂದ 1,000 ಅಡಿ ಮೇಲೆ, ಗೇಟ್ ಅನ್ನುವ ಒಂದು ಪರೀಕ್ಷೆಯ ಹಂತ ಉಂಟು. ಅಲ್ಲಿ ಚಕ್ರ, ಫ್ಲ್ಯಾಪ್ ಸಿದ್ಧ ಇರಬೇಕು, ವೇಗ ವಿರೆಫ್‌ಗಿಂತ (ಇಳಿಯಲು ಇಟ್ಟುಕೊಂಡ ಆಧಾರ ವೇಗ) 20ಕ್ಕಿಂತ ಹೆಚ್ಚಿರಬಾರದು, ಇಳಿಕೆ ನಿಮಿಷಕ್ಕೆ 1,000 ಅಡಿ ಮೀರಬಾರದು. ಇಲ್ಲದಿದ್ದರೆ ಮರಳಿ ಏರಬೇಕು. ಉಪ್ಪಳದವರೇ, ಆ ಹಾರಾಟದ ಕೊನೆಯ ಸಾಲುಗಳು ಸಿಕ್ಕಿದ್ದಾವಾ?

ಉಪ್ಪಳ ಆಂಟೆನಾ:

ಬಜಪೆಯ ಗುಡ್ಡದ ಹಿಂದೆ ಹೋದಾಗ ಸಿಗ್ನಲ್ ಕಡಿಯುತ್ತದೆ. ಆಪ್‌ನಲ್ಲಿ ಹುಡುಕಿದೆ: 1,525 ಅಡಿ, 131 ನಾಟ್, ಇಳಿಕೆ 700. ಐಎಎಸ್ ಕಾಲಮ್ ಖಾಲಿ.

ನೀರ್ಚಾಲು ಭಟ್ಟ:

ಇಲ್ಲಿ ಕ್ಯೂಎನ್‌ಎಚ್ ತಿದ್ದುಪಡಿ ಬೇಕು, ಪೈವಳಿಕೆಯವರೂ ಒಪ್ಪಿಯಾರು. ಕೆಳಗೆ ಒಂದು ಹೆಕ್ಟೋಪಾಸ್ಕಲಿಗೆ 27 ಅಡಿ, 7ಕ್ಕೆ 190. ನಿಜದ ಎತ್ತರ 1,335. ನಿಲ್ದಾಣದ ಎತ್ತರ ಸುಮಾರು 337 ಅಡಿ, ಅಲ್ಲಿಗೆ ಸರಿಯಾಗಿ 1,000 ಅಡಿಯ ಗೇಟಿನ ಸಾಲೇ ಸಿಕ್ಕಿದೆ. 3 ಡಿಗ್ರಿ ಇಳಿಜಾರಿಗೆ ಗ್ರೌಂಡ್ ಸ್ಪೀಡನ್ನು 5.3ರಿಂದ ಗುಣಿಸಿ: 131ಕ್ಕೆ 694, ನಿಮಗೆ ಸಿಕ್ಕಿದ 700ಕ್ಕೆ ಸರಿ. ಈಗ ಮುಖಗಾಳಿ, ಅದು 20 ನಾಟ್ ಇದ್ದರೆ ಟ್ರೂ 151, ಇಂಡಿಕೇಟೆಡ್ 145ರ ಹತ್ತಿರ. ಮಧ್ಯಮ ತೂಕದ 737-800ಕ್ಕೆ ಇರಬೇಕಾದದ್ದೂ ಅಷ್ಟೇ.